ನಾಟಿ ಮಿಷನ್ನಿನ ಮರಿತಾಯಮ್ಮ

ಭತ್ತದ ನಾಟಿ ಮಾಡುವವರು ಮುಂದಕ್ಕೆ ನಡೆಯುವುದಿಲ್ಲ. ಬಗ್ಗಿಸಿದ ಬೆನ್ನು ಎತ್ತದೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ. ನೆಟ್ಟ ಪೈರು ಕಣ್ಣ ಮುಂದಿರುತ್ತದೆ, ನೆಡಬೇಕಾದ ಕೆಸರು ಬೆನ್ನ ಹಿಂದಿರುತ್ತದೆ. ಶಿವಪುರದ ಆಚೆಯ ಸಣ್ಣ ಊರೊಂದರ ಮರಿತಾಯಮ್ಮ ಹೀಗೆ ಮೂವತ್ತು ವರ್ಷ ಹಿಂದಕ್ಕೇ ನಡೆದವಳು. ಮದ್ದೂರು ತಾಲ್ಲೂಕನ್ನು ನಮ್ಮವಳು ಹಿಮ್ಮುಖವಾಗಿಯೇ ಸುತ್ತಿ ಬಂದಿದ್ದಾಳೆ ಎಂದು ಗಂಡ ಚೌಡಯ್ಯ ಗೇಲಿ ಮಾಡುತ್ತಿದ್ದ. ಅವನು ಪಂಚಾಯ್ತಿಯ ನೀರುಗಂಟಿ. ಬೆಳಿಗ್ಗೆ ವಾಲ್ವು ತಿರುಗಿಸಿ ಊರಿಗೆ ನೀರು ಬಿಟ್ಟನೆಂದರೆ ಸಂಜೆಯವರೆಗೆ ಗೇಲಿಗೆ ಬೇಕಾದಷ್ಟು ಬಿಡುವು.

ಹನ್ನೆರಡು ಹೆಂಗಸರ ನಾಟಿ ಗುಂಪಿಗೆ ಮರಿತಾಯಮ್ಮನೇ ಯಜಮಾನಿ. ಸಾಲಿನಲ್ಲಿ ಗೇಣಿಗಿಂತ ಅಗಲ ಸಂದು ಬಿಟ್ಟವಳ ತವರುಮನೆಯನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ಬೈದು ಮುಗಿಸುವಷ್ಟರಲ್ಲಿ ಆ ಸಂದಿಗೆ ತಾನೇ ನಾಲ್ಕು ಪೈರು ಚುಚ್ಚಿರುತ್ತಿದ್ದಳು. ಖಾಲಿ ಜಾಗ ಕಂಡರೆ ಅವಳ ಕೈ ಅವಳ ಮಾತನ್ನೇ ಕೇಳುತ್ತಿರಲಿಲ್ಲ.

ನಲವತ್ತೆಂಟಕ್ಕೆ ಸೊಂಟ ಕೈಕೊಟ್ಟಿತು. ಹೋದ ವರ್ಷದ ನಾಟಿಯಲ್ಲಿ ಬಗ್ಗಿದವಳಿಗೆ ಏಳಲಾಗಲಿಲ್ಲ. ನಾಲ್ಕು ಜನ ಅವಳನ್ನು ಮಡಿಸಿದಂತೆಯೇ ಎತ್ತಿ ಬದುವಿನ ಮೇಲೆ ತಂದಿಟ್ಟರು. ಮಂಡ್ಯದ ಡಾಕ್ಟರು ಫೋಟೊ ತೆಗೆಸಿ ನೋಡಿ, ಮೂಳೆ ಸವೆದು ನರ ಒತ್ತುತ್ತಿದೆ, ಬಗ್ಗಬಾರದು, ಐದು ಕೆಜಿಗಿಂತ ಹೆಚ್ಚು ಎತ್ತಬಾರದು, ನಿಲ್ಲುವುದು, ಕೂರುವುದು, ನಡೆಯುವುದಕ್ಕೆ ಅಡ್ಡಿಯಿಲ್ಲ ಎಂದು ಸೊಂಟಕ್ಕೊಂದು ಬೆಲ್ಟು ಬಿಗಿದು ಕಳಿಸಿದರು. ಮಗಳು ಅರುಂಧತಿ ಮಂಡ್ಯದಲ್ಲೇ ಲ್ಯಾಬ್ ಟೆಕ್ನಿಶಿಯನ್. ಇನ್ನು ಸಾಕು, ಆರಾಮಾಗಿ ಮನೆಯಲ್ಲಿರು ಎಂದಳು.

ಆರಾಮು ಮರಿತಾಯಮ್ಮನಿಗೆ ಒಗ್ಗಲಿಲ್ಲ. ಸ್ಕೂಲಿನ ಅಡುಗೆಗೆ ಹೋಗಿ ಕೇಳಿದಳು. ಅಲ್ಲಿ ಅನ್ನದ ಪಾತ್ರೆ ಎತ್ತಲು ಆನೆಬಲ ಬೇಕು. ಸೋಮನಹಳ್ಳಿಯ ಹತ್ತಿರದ ಒಂದು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳ ದಾರ ಕತ್ತರಿಸುವ ಕೆಲಸಕ್ಕೆ ಸೇರಿದಳು. ಅಂಗಿಗಳೆಲ್ಲ ನೆಲದ ಮೇಲಿನ ಬುಟ್ಟಿಯಲ್ಲಿ. ಒಂಬತ್ತನೇ ದಿನ ಬುಟ್ಟಿಗೆ ಬಗ್ಗಿದವಳು ಅಲ್ಲೇ ಕುಸಿದಳು. ಸೂಪರ್‌ವೈಸರ್ ಶ್ವೇತ ಒಳ್ಳೆಯ ಹುಡುಗಿ. ಬಸ್ಸಿನವರೆಗೆ ಕೈಹಿಡಿದು ಬಂದು, ನಾಳೆಯಿಂದ ಬರಬೇಡಿ ಎನ್ನುವುದನ್ನು ತಾನೇ ಅತ್ತುಕೊಂಡು ಹೇಳಿದಳು.

ಆಮೇಲೆ ಜಗುಲಿಯೇ ಗತಿಯಾಯಿತು. ಚೌಡಯ್ಯ ಅಡುಗೆ ಮಾಡತೊಡಗಿದ. ಅವನ ಸಾರಿನ ಬಗ್ಗೆ ಹೆಚ್ಚು ಹೇಳದಿರುವುದು ಒಳ್ಳೆಯದು. ಕೂಲಿ ಹೋಯಿತಲ್ಲ ಎಂಬ ಚಿಂತೆ ಇತ್ತು, ನಿಜ. ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ದಾರಿಯಲ್ಲಿ ಹೋಗುವವರೆಲ್ಲ ಅವಳನ್ನು ಕಂಡು, ಹೇಗಿದೆ ಸೊಂಟ ಎಂದು ಕೇಳುತ್ತಿದ್ದರು. ಗದ್ದೆ ಹೇಗಿದೆ ಎಂದು ಒಬ್ಬರೂ ಕೇಳುತ್ತಿರಲಿಲ್ಲ. ಬದುಕಿರುವಾಗಲೇ ತನ್ನನ್ನು ಲೆಕ್ಕದಿಂದ ತೆಗೆದುಬಿಟ್ಟರಲ್ಲ ಎಂದು ಅವಳಿಗೆ ಅಳು ಬರುತ್ತಿತ್ತು. ಇನ್ನೊಂದು ಸಲ ಯಾರಾದರೂ, ಮರಿತಾಯಮ್ಮ ಬಂದರೇ ಕೆಲಸ ಆಗುವುದು ಎನ್ನಬೇಕು. ಅವಳ ಆಸೆ ಅಷ್ಟೇ.

ಈ ಸಲ ನಾಲೆಗೆ ನೀರು ಬಿಟ್ಟಾಗ ಊರಿಗೆ ನಾಟಿ ಮಿಷನ್ನು ಬಂತು. ತಂದವನು ಮಹದೇವಸ್ವಾಮಿ, ಟ್ರ್ಯಾಕ್ಟರು ಗೀಕ್ಟರು ಬಾಡಿಗೆಗೆ ಕೊಡುವವನು. ಓಡಿಸುವವನು ಕೆಂಪರಾಜು, ಮೂವತ್ತೈದರ ಬಿಗಿ ಆಸಾಮಿ, ಕರಿ ಕನ್ನಡಕ ಹಾಕದೆ ಗದ್ದೆಗಿಳಿಯುವವನಲ್ಲ. ಟ್ರೇಗಳಲ್ಲಿ ಚಾಪೆಯಂತೆ ಬೆಳೆಸಿದ ಪೈರನ್ನು ಮಿಷನ್ನಿನ ಹಿಂಭಾಗದ ಇಳಿಜಾರು ಹಲಗೆಗೆ ಹಾಕಿದರೆ ಆರು ಉಕ್ಕಿನ ಬೆರಳುಗಳು ಕಿತ್ತು ಕಿತ್ತು ಆರು ಸಾಲು ನೆಡುತ್ತವೆ. ಚಾಪೆ ಹಾಕಲು ಡ್ರೈವರನ ಬೆನ್ನಿಗೆ ಬೆನ್ನು ಕೊಟ್ಟು ಒಬ್ಬ ಕೂರಬೇಕು. ಕೂತವನು ಮೊಬೈಲ್ ನೋಡುತ್ತಿದ್ದ.

ಬದುವಿನ ಮೇಲೆ ನಿಂತಿದ್ದ ಮರಿತಾಯಮ್ಮನಿಗೆ ಕಾಲು ಗಂಟೆ ತಡೆದುಕೊಳ್ಳುವುದೇ ಕಷ್ಟವಾಯಿತು. ಅಲ್ಲಿ ಸಂದು ಬಿತ್ತು, ಇಲ್ಲಿ ಸಂದು ಬಿತ್ತು ಎಂದು ಕೂಗಲು ಶುರು ಮಾಡಿದಳು. ಎಂಜಿನ್ ಸದ್ದಿನಲ್ಲಿ ಕೆಂಪರಾಜುವಿಗೆ ಕೇಳಲಿಲ್ಲ, ಪಕ್ಕದಲ್ಲಿದ್ದ ಮಹದೇವಸ್ವಾಮಿಗೆ ಬೇಡವೆಂದರೂ ಕೇಳಿತು. ಚಾಪೆ ಹಾಕುವವನು ನಾಳೆ ಮದುವೆಗೆ ಹೋಗುವವನಿದ್ದ. ಮಹದೇವಸ್ವಾಮಿ ರೇಗಿ, "ನಾಳೆ ನೀನೇ ಮೇಲತ್ತಿ ಕೂತ್ಕೊಂಡು ನೋಡು ಕಣಮ್ಮ, ಗೊತ್ತಾಯ್ತದೆ" ಎಂದ. ಅವನು ಆಡಿದ್ದು ಕೊಂಕು. ಅವಳಿಗೆ ಕೇಳಿದ್ದು ಕೆಲಸ.

ಚೌಡಯ್ಯ ಮೊದಲು ಒಪ್ಪಲಿಲ್ಲ. ಆಮೇಲೆ ಸದ್ದಿಲ್ಲದೆ ಹೋಗಿ ಒಂದು ಪೈರಿನ ಚಾಪೆಯನ್ನು ರೇಷನ್ ಅಂಗಡಿಯ ತಕ್ಕಡಿಗೆ ಹಾಕಿಸಿಕೊಂಡು ಬಂದ. ಮೂರು ಕೆಜಿ ಎಂಟುನೂರು. ಮಿಷನ್ನಿನಲ್ಲಿ ಚಾಪೆಗಳು ಸೊಂಟದ ಎತ್ತರದಲ್ಲೇ ಇರುತ್ತವೆ, ಬಗ್ಗಬೇಕಾಗಿಲ್ಲ ಎಂಬುದನ್ನೂ ನೋಡಿಕೊಂಡು ಬಂದ. ಇದೆಲ್ಲವನ್ನೂ ಫೋನಿನಲ್ಲಿ ಮಗಳಿಗೆ ವಕೀಲನಂತೆ ಒಪ್ಪಿಸಿದ. ಕೆಳಗೆ ಇಳಿಯಬಾರದು ಎಂಬ ಷರತ್ತಿನ ಮೇಲೆ ಅರುಂಧತಿ ಹೂಂ ಎಂದಳು.

ಮರುದಿನ ಚಿಕ್ಕಮಾದುವಿನ ಗದ್ದೆ. ಮರಿತಾಯಮ್ಮ ಬೆಲ್ಟು ಬಿಗಿದುಕೊಂಡು ಮಿಷನ್ನಿನ ಹಿಂದೆ ಕೂತಳು. ನೆಟ್ಟ ಸಾಲುಗಳು ಕಣ್ಣ ಮುಂದೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಮೂವತ್ತು ವರ್ಷ ನೋಡಿದ ನೋಟವೇ. ಈಗ ಬೆನ್ನು ನೆಟ್ಟಗಿತ್ತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಬದುವಿನ ಮೇಲಿದ್ದ ಹಳೆಯ ಗುಂಪಿನ ಹೆಂಗಸರಿಗೆಲ್ಲ ಮಂತ್ರಿಯ ಹಾಗೆ ಕೈಬೀಸಿದಳು.

ಅಷ್ಟರಲ್ಲಿ ಮೂರನೇ ಸಾಲಿನಲ್ಲಿ ಸಂದು ಬಿತ್ತು. ಮುಂದೆ ಇನ್ನೊಂದು. ಆಮೇಲೆ ಏನು ಮಾಡಿದಳೋ ಅವಳಿಗೇ ತಿಳಿಯದು. ಚಾಪೆಯಿಂದ ಒಂದು ಹಿಡಿ ಪೈರು ಕಿತ್ತುಕೊಂಡು ಕೆಸರಿಗೆ ಇಳಿದಿದ್ದಳು. ಬಗ್ಗಿ ಮೊದಲ ಸಂದು ತುಂಬಿದಳು, ಎರಡನೆಯದನ್ನೂ ತುಂಬಿದಳು. ಮೂರನೆಯದಕ್ಕೆ ಸೊಂಟ ಹಿಡಿದುಕೊಂಡಿತು. ಇತ್ತ ಕೆಂಪರಾಜು ಕರಿ ಕನ್ನಡಕದಲ್ಲಿ ಮುಂದೆ ನೋಡುತ್ತಾ ಗತ್ತಿನಿಂದ ಮಿಷನ್ನು ಓಡಿಸುತ್ತಲೇ ಇದ್ದ. ಚಾಪೆ ಹಾಕುವವರಿಲ್ಲದೆ ಹಲಗೆ ಬರಿದಾಗಿ, ಆ ತುದಿಯಿಂದ ಈ ತುದಿಗೆ ಎರಡು ಸುತ್ತು ಬರೀ ಕೆಸರನ್ನು ಕುಟ್ಟಿಕೊಂಡು ಬಂದ. ಬದುವಿನ ಮೇಲಿನ ಹೆಂಗಸರು ಕೂಗಿದ್ದೆಲ್ಲ ತನ್ನನ್ನು ಹೊಗಳಿದ್ದೆಂದು ತಿಳಿದು ಅವರತ್ತ ತಲೆಯನ್ನೂ ಆಡಿಸಿದ್ದ.

ಅರ್ಧ ಗದ್ದೆ ಬೋಳು. ನಡುವೆ ಬಗ್ಗಿಕೊಂಡೇ ನಿಂತ ಮರಿತಾಯಮ್ಮ. ಚಿಕ್ಕಮಾದು ತಲೆಮೇಲೆ ಕೈಹೊತ್ತು ಕೂತ. ಮಹದೇವಸ್ವಾಮಿ ಬದುವಿನಿಂದಲೇ ಬಾಯಿಗೆ ಬಂದಂತೆ ಬೈದ. ಬೈಗುಳವೆಲ್ಲ ಮುಗಿಯುವವರೆಗೆ ಕಾದು ಮರಿತಾಯಮ್ಮ ನೆಲ ನೋಡಿಕೊಂಡೇ ಹೇಳಿದಳು: "ಬೈದಿದ್ದು ಸರಿಯಾಗೇ ಅದೆ ಬುಡಪ್ಪ. ಆದ್ರೆ ಮೂರ್ನೆ ಸಾಲು ನೋಡು. ಐದು ಪೈರಿಗೆ ಒಂದು ಬೀಳ್ತಿಲ್ಲ. ನಿನ್ ಮಿಷನ್ನಿನ ಮೂರ್ನೆ ಬೆರಳು ಸೊಟ್ಟಗಾಗ್ಬುಟ್ಟದೆ."

ಮಹದೇವಸ್ವಾಮಿ ಎಣಿಸಿ ನೋಡಿದ. ಹಾಗೇ ಇತ್ತು. ಮಿಷನ್ನು ನಿಲ್ಲಿಸಿ ನೋಡಿದರೆ ಮೂರನೇ ಬೆರಳಿನ ಸಂದಿಯಲ್ಲಿ ಹುಣಸೆಬೀಜದಷ್ಟು ಕಲ್ಲು ಸಿಕ್ಕಿಕೊಂಡು ಬೆರಳು ವಾರೆಯಾಗಿತ್ತು. ಯಲಿಯೂರಿನ ಕಡೆಯ ಇಬ್ಬರು ರೈತರು, ನಿಮ್ಮ ಮಿಷನ್ನು ಹಲ್ಲುದುರಿದ ಬಾಯಿಯ ಹಾಗೆ ನೆಡುತ್ತದೆ ಎಂದು ಮೂರು ದಿನದಿಂದ ಜಗಳವಾಡುತ್ತಿದ್ದುದು ಏಕೆಂದು ಅವನಿಗೆ ಆಗ ಹೊಳೆಯಿತು. ಕೆಂಪರಾಜು ಕನ್ನಡಕ ತೆಗೆದು ಜೇಬಿಗಿಟ್ಟ.

ಆದರೆ ಮರಿತಾಯಮ್ಮನ ಪಾಲಿಗೆ ಎಲ್ಲ ಮುಗಿದಂತೆಯೇ ಇತ್ತು. ಮೂರು ದಿನ ಬಿಸಿ ಉಪ್ಪಿನ ಶಾಖ ತೆಗೆದುಕೊಳ್ಳುತ್ತಾ ಮಲಗಿದಳು. ಅರುಂಧತಿ ಬಂದು ಬೈದಳು. ಮರಿತಾಯಮ್ಮ ಗೋಡೆ ಕಡೆ ತಿರುಗಿ, ಬಗ್ಗಲಾಗದ ಮೈಗೆ ಬಗ್ಗುವ ಚಟ ಹೋಗಿಲ್ಲವಲ್ಲ, ಇನ್ಯಾರು ಕರೆಯುತ್ತಾರೆ ಎಂದು ಅತ್ತಳು.

ನಾಲ್ಕನೇ ದಿನ ಮಹದೇವಸ್ವಾಮಿ ಮನೆಗೇ ಬಂದ. ಜಗುಲಿಯಲ್ಲಿ ಕೂತು, ಚೌಡಯ್ಯ ಕೊಟ್ಟ ಟೀಯನ್ನು ಧೈರ್ಯ ಮಾಡಿ ಕುಡಿದು, ಕೆಸರಿಗೆ ಇಳಿಯುವುದಿಲ್ಲ ಎಂದರೆ ಈ ಹಂಗಾಮು ಪೂರ್ತಿ ಕೆಲಸ ಕೊಡುತ್ತೇನೆ ಎಂದ. ಮರಿತಾಯಮ್ಮ ಎದ್ದು ಕೂತಳು. ಎದ್ದು ಕೂತೊಡನೆ ಯಜಮಾನಿಕೆಯೂ ಎದ್ದಿತು.

"ನಾನು ಇಳಿಯಲ್ಲ. ಆದ್ರೆ ನಾನು ನಿಲ್ಸು ಅಂದಾಗ ಮಿಷನ್ನು ನಿಲ್ಬೇಕು. ಮಿಷನ್ನು ತಿರುಗದ ಮೂಲೆಗೆ ನಮ್ ಎಂಗಸ್ರನ್ನೇ ಕರೀಬೇಕು."

ಮಹದೇವಸ್ವಾಮಿ ಎರಡಕ್ಕೂ ಒಪ್ಪಿದ. ಡ್ರೈವರಿಗೆ ಕೇಳಲೆಂದು ಮಿಷನ್ನಿನ ಹಿಂಬದಿಗೆ ಜೋರು ಸದ್ದಿನ ಹಾರ್ನಿನ ಗುಂಡಿ ಹಾಕಿಸಿದ. ಕೂರಲು ಹಳೆಯ ಬಸ್ಸಿನ ಸೀಟೊಂದನ್ನು ಬೋಲ್ಟು ಹಾಕಿ ಕೂರಿಸಿದ. ಮರಿತಾಯಮ್ಮ ತನ್ನ ಕಡೆಯಿಂದ ಒಂದು ಹಗ್ಗ ತಂದು ಸೊಂಟದ ಬೆಲ್ಟನ್ನು ಸೀಟಿಗೆ ಕಟ್ಟಿಕೊಂಡಳು. ತನ್ನ ಕಾಲಿನ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಮೊದಲ ವಾರ ಸಂದು ಕಂಡಾಗಲೆಲ್ಲ ಹಗ್ಗ ಜಗ್ಗುತ್ತಿತ್ತು, ಆಮೇಲೆ ಹಾರ್ನು ಕೂಗುತ್ತಿತ್ತು. ಹತ್ತು ದಿನವಾದ ಮೇಲೆ ಹಗ್ಗ ಜಗ್ಗುವುದು ನಿಂತಿತು.

ಕೆಂಪರಾಜುವಿಗೆ ಆ ಹಾರ್ನು ಕೇಳಿದರೆ ಮೈ ಉರಿಯುತ್ತಿತ್ತು. ಲಕ್ಷಗಟ್ಟಲೆಯ ಮಿಷನ್ನಿನ ಡ್ರೈವರು, ಹಿಂದೆ ಕಟ್ಟಿಹಾಕಿಕೊಂಡು ಕೂತ ಹೆಂಗಸಿನ ಮಾತಿಗೆ ನಿಲ್ಲಬೇಕು, ಇಳಿದು ಬೆರಳು ಸರಿಮಾಡಿ ಸಂದು ತುಂಬಬೇಕು. ಒಂದೆರಡು ಸಲ ಕೇಳಿಸದವನ ಹಾಗೆ ಮುಂದೆ ಹೋದ. ಹೋದಲ್ಲೆಲ್ಲ ಸಂದು ಎದ್ದು ಕಂಡಿತು, ರೈತರು ಅವನನ್ನೇ ಬೈದರು. ಆಮೇಲೆ ನಿಲ್ಲುವುದೇ ವಾಸಿ ಎನಿಸಿತು. ಮೂಲೆ ನೆಡಲು ಬಂದ ಹಳೆಯ ಗುಂಪಿನವರು ಮಾತ್ರ ಅವಳನ್ನು ಬಿಡಲಿಲ್ಲ. ಸೀಟು ಸಿಕ್ಕಿದ ಮೇಲೆ ನಮ್ಮ ಕಡೆ ನೋಡುವುದೇ ಇಲ್ಲ ಎಂದು ಕಾಡಿಸುತ್ತಿದ್ದರು. ಮರಿತಾಯಮ್ಮ ಅಲ್ಲಿಂದಲೇ ಅವರ ತವರುಮನೆಗಳನ್ನು ವಿಚಾರಿಸಿಕೊಳ್ಳುತ್ತಿದ್ದಳು.

ಹಂಗಾಮು ಮುಗಿಯಲು ನಾಲ್ಕು ದಿನವಿತ್ತು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಮರದಡಿ ಕೂತಿದ್ದಾಗ ಕೆಂಪರಾಜುವಿಗೆ ಫೋನು ಬಂತು. ಕೈ ಎಂಜಲಾಗಿತ್ತೆಂದು ಸ್ಪೀಕರಿಗೆ ಹಾಕಿದ. ಮಳವಳ್ಳಿ ಕಡೆಯ ಮರಿಯಯ್ಯ ಎಂಬ ರೈತ. ಮೂರು ಎಕರೆ ಇದೆ, ಮಿಷನ್ನು ಬೇಕು ಎಂದ. ನಾಡಿದ್ದು ಬರುತ್ತೇವೆ ಎಂದ ಕೆಂಪರಾಜು.

"ಮಿಷನ್ನು ಎಲ್ಲ ಕಡೆ ಸಿಕ್ತದೆ ಕಣಪ್ಪ" ಎಂದಿತು ಫೋನು. "ಇಂದ್ಗಡೆ ಕೂತ್ಕತಾಳಂತಲ್ಲ, ಒಂದು ಸಂದು ಬುಡದ ಆಯಮ್ಮ, ಅವಳು ಬತ್ತಾಳಾ, ಅದೇಳು. ಅವಳು ಬಂದ್ರೆ ಬನ್ನಿ. ಇಲ್ಲಾಂದ್ರೆ ನಾನು ಆಳು ನೋಡ್ಕತೀನಿ."

ಕೆಂಪರಾಜು ತಿರುಗಿ ಮರಿತಾಯಮ್ಮನ ಮುಖ ನೋಡಿದ. "ಏನೇಳ್ಲವ್ವ?" ಎಂದು ಮೆಲ್ಲಗೆ ಕೇಳಿದ. ಅವ್ವ ಎಂದು ಅವನು ಕರೆದದ್ದು ಅದೇ ಮೊದಲು.

ಮರಿತಾಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, ತುತ್ತು ನುಂಗಿ, ನೀರು ಕುಡಿದಳು. ಆಮೇಲೆ ಹೇಳಿದಳು:

"ಬತ್ತಾಳೆ ಅನ್ನು. ಗದ್ದೆ ಸಮ ಮಾಡ್ಸಿ ಕಲ್ಲು ಆಯ್ಸಿ ಮಡಗಿರ್ಬೇಕು ಅನ್ನು. ಇಲ್ದಿದ್ರೆ ಬಂದ ದಾರೀಲೆ ವಾಪಸ್ ಓಯ್ತಾಳೆ ಅನ್ನು."

ಕೆಂಪರಾಜು ಅಷ್ಟನ್ನೂ ಒಂದಕ್ಷರ ಬಿಡದೆ ಫೋನಿಗೆ ಹೇಳಿದ.