ಬಂಗಾರಪೇಟೆಯ ಪರದೆಯ ಮೇಲೆ ನನ್ನ ಮಾತು

ಆಂಡರ್ಸನ್‌ಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ನಾನು ಗಣಿತ ಹೇಳಿಕೊಡುತ್ತಿದ್ದೆ, ನನ್ನ ಗೆಳತಿ ಕಂಪ್ಯೂಟರ್. ಸ್ಟಾಫ್ ರೂಮಿನಲ್ಲಿ ನಮ್ಮ ಕುರ್ಚಿಗಳು ಅಕ್ಕಪಕ್ಕ. ಅವಳ ಚಿತ್ರಾನ್ನ ನನಗೆ, ನನ್ನ ಬಸ್ಸಾರು ಅವಳಿಗೆ. ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಗ ಕೇಳದೆಯೇ ಊಟ ತಂದವಳು, ಅಮ್ಮ ಹೋದಾಗ ನನ್ನ ತಲೆ ಬಾಚಿ ಕೂರಿಸಿದವಳು. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದೆಲ್ಲ ಬರೀ ಒಂದು ಕಂಪ್ಯೂಟರಿನ ಜಗಳದ ಹಾಗೆ ಕಾಣುತ್ತದೆ.

ಉರಿಗಾಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಭಾನುವಾರ ಕೆಲವು ಹೆಂಗಸರಿಗೆ ಪಾಠ ಮಾಡುತ್ತಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾಗಿ, ಮದುವೆಯಾಗಿ, ಮಕ್ಕಳನ್ನು ದೊಡ್ಡದು ಮಾಡಿ, ಈಗ ಮತ್ತೆ ಪರೀಕ್ಷೆ ಕಟ್ಟಿದವರು. ಕೆಲವರು ಗಾರ್ಮೆಂಟ್ಸಿಗೆ ಹೋಗುವವರು. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಒಬ್ಬಳು ಹಸು ಕರೆದು, ಡೇರಿಗೆ ಹಾಲು ಹಾಕಿ ಬರುತ್ತಿದ್ದಳು. ಅವರ ಕಷ್ಟ ಲೆಕ್ಕಕ್ಕಿಂತ ನಾಚಿಕೆಯದು. ಅರ್ಥವಾಗದಿದ್ದರೂ ಎಲ್ಲರೂ ತಲೆಯಾಡಿಸಿಬಿಡುತ್ತಿದ್ದರು.

ಒಂದು ದಿನ ಗೆಳತಿ ಅಂದಳು: “ಲೇ, ನಿನ್ ಕಂಪ್ಯೂಟ್ರಲ್ಲೇ ಓಡೋ ಎಐ ಒಂದು ಆಕ್ಕೊಡ್ತೀನಿ. ಚಿಕ್ಕದು. ನೆಟ್ಟು ಬ್ಯಾಡ. ಲೆಕ್ಕಾನ ಯೋಚ್ನೆ ಮಾಡ್ಕೊಂಡ್ ಯೋಚ್ನೆ ಮಾಡ್ಕೊಂಡ್ ಬಿಡಿಸ್ತದೆ.”

ನನ್ನ ಹಳೆಯ ಕಂಪ್ಯೂಟರಿಗೆ ಅವಳೇ ರ‍್ಯಾಮ್ ಹಾಕಿದಳು, ಆ ಎಐನ ಮಾಡೆಲ್ಲನ್ನು ನೆಟ್ಟಿನಿಂದ ಇಳಿಸಿದಳು, ಆಮೇಲೆ ನೆಟ್ಟಿನ ವಯರು ಕಿತ್ತು ನನ್ನ ಕೈಗೆ ಕೊಟ್ಟಳು. “ಈಗ ಕೇಳು.” ಕೇಳಿದೆ. ಫ್ಯಾನು ಗುರ್ ಎಂದಿತು. ಪರದೆಯ ಮೇಲೆ ಬೂದು ಅಕ್ಷರದಲ್ಲಿ ಅದರ ಯೋಚನೆ ಇಂಗ್ಲಿಷಿನಲ್ಲಿ ಹರಿಯತೊಡಗಿತು. ನಡುವೆ ನಿಂತು ‘ಇಲ್ಲ, ಇದು ತಪ್ಪು’ ಎಂದು ತನ್ನನ್ನೇ ತಿದ್ದಿಕೊಂಡಿತು. ಯಾರ ನೆರವೂ ಇಲ್ಲದೆ, ನಮ್ಮ ಮನೆಯ ಮೇಜಿನ ಮೇಲೆ! ಇಬ್ಬರೂ ಚಿಕ್ಕ ಹುಡುಗಿಯರ ಹಾಗೆ ಕೈ ತಟ್ಟಿದೆವು.

ಉತ್ತರ ಸರಿಯಿತ್ತು. ಕನ್ನಡ ಮಾತ್ರ ಓದುವ ಹಾಗಿರಲಿಲ್ಲ. ಹಾಗಾಗಿ ಪ್ರತಿ ಪ್ರಶ್ನೆಗೂ ಮುಂಚೆ ಅದು ಓದಿಕೊಳ್ಳಬೇಕಾದ ಸೂಚನೆಗಳನ್ನು ನಾನು ಬರೆಯಲು ಕೂತೆ. ಶಾಲೆ ಮುಗಿದ ಮೇಲೆ ದಿನವೂ ಅದೇ ಕೆಲಸ. ಭಿನ್ನರಾಶಿಗೆ ಮುದ್ದೆ ಮುರಿಯುವುದು, ಅನುಪಾತಕ್ಕೆ ಹಾಲಿಗೆ ನೀರು ಬೆರೆಸುವುದು. ಅಡುಗೆಮನೆಯಲ್ಲಿ ನನ್ನನ್ನು ಪಕ್ಕ ಕೂರಿಸಿಕೊಂಡು ಅಮ್ಮ ಹೇಳಿಕೊಟ್ಟಿದ್ದ ರೀತಿ ಅದು. ಅವಳ ಮಾತನ್ನೂ ಹಾಗೆಯೇ ಇಳಿಸಿದೆ: “ತಿಳೀಲಿಲ್ವಾ? ಓಗ್ಲಿ ಬಿಡು ಕಂದ, ಮುದ್ದೇನ ಇನ್ನೊಂದ್ಸಾರಿ ಮುರಿಯಾನ.” ಮಾಡೆಲ್ ಅದನ್ನು ಹಾಗೇ ಹಿಡಿದುಕೊಂಡಿತು. ಗೆಳತಿ ಓದಿ ನಕ್ಕಳು: “ಥೇಟ್ ನಿಮ್ಮಮ್ಮನೇ ಕಣೇ!”

ಹೆಂಗಸರು ಮೆಲ್ಲಗೆ ಅದಕ್ಕೆ ಹೊಂದಿಕೊಂಡರು. ಹಸುವಿನವಳು ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಕೇಳಿ ನನ್ನ ಕಡೆ ತಿರುಗಿ ಅಂದಳು, “ಇದು ಮುಖ ಸಿಂಡರಿಸಲ್ಲ ಮಿಸ್.” ಒಂದು ಅಪಾಯ ಮಾತ್ರ ಇತ್ತು. ಕೆಲವು ಸಲ ಯೋಚನೆಯಲ್ಲಿ ಸರಿಯಾಗಿ ಬಿಡಿಸಿ, ಕೊನೆಗೆ ತಪ್ಪು ಉತ್ತರ ಬರೆದು, ಅದನ್ನೇ ಗಟ್ಟಿಯಾಗಿ ಹೇಳುತ್ತಿತ್ತು. ಅದಕ್ಕೇ ನಾನು, ಗೆಳತಿ ಇಬ್ಬರಲ್ಲಿ ಒಬ್ಬರು ಪಕ್ಕದಲ್ಲಿ ಕೂತೇ ಇರಬೇಕು ಎಂದು ಮಾತಾಡಿಕೊಂಡಿದ್ದೆವು. ಮುಂದೆ ಬಂಗಾರಪೇಟೆಯಲ್ಲಿ ಒಂದು ರೂಮು ಹಿಡಿದು ಇಬ್ಬರೂ ಸೇರಿ ನಡೆಸೋಣ ಎಂದೂ ಮಾತಾಗಿತ್ತು.

ಬೇಸಿಗೆ ರಜೆ ಮುಗಿದಾಗ ಅವಳು ಶಾಲೆಗೆ ಬರಲಿಲ್ಲ. ಫೋನ್ ಮಾಡಿದರೆ, “ಬೇರೆ ಕಡೆ ಕೆಲ್ಸ ಸಿಕ್ತು ಕಣೇ, ಸಿಕ್ದಾಗ ಏಳ್ತೀನಿ” ಎಂದಳು. ನಂಬಿದೆ.

ಆಮೇಲೊಂದು ಭಾನುವಾರ ಹಸುವಿನವಳು ಪಾಠಕ್ಕೆ ಬಾರದೆ, ಹೇಳಿಹೋಗಲು ಬಂದಳು. “ಬಂಗಾರಪೇಟೆ ಟೇಸನ್ ಅತ್ರ ಹೊಸ ಟ್ಯೂಷನ್ ಸೆಂಟ್ರಿಗೆ ಸೇರ್ಕೊಂಡೆ ಮಿಸ್, ನಮ್ಮೂರಿಗೆ ಅತ್ರ. ನೀವ್ಯಾವಾಗ ಬತ್ತೀರಿ ಅಲ್ಲಿಗೆ?”

“ನಾನ್ಯಾಕೆ ಬರ್ಲಿ?”

“ನಿಮ್ದೇ ಅಲ್ವಾ? ಅದೇ ಕಂಪ್ಯೂಟ್ರು, ಅದೇ ಮುದ್ದೆ. ಕಂಪ್ಯೂಟ್ರು ಮಿಸ್ಸೂ ಅಲ್ಲೇ ಅವ್ರೆ.”

ಮರುದಿನ ಶಾಲೆಗೆ ರಜೆ ಹಾಕಿ ರೈಲು ಹತ್ತಿದೆ. ಏನೋ ತಪ್ಪು ತಿಳಿದಿರಬೇಕು ಎಂದು ಬಂಗಾರಪೇಟೆಯವರೆಗೂ ನನಗೆ ನಾನೇ ಹೇಳಿಕೊಂಡೆ. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಸಾಲಾಗಿ ಕಂಪ್ಯೂಟರುಗಳು. ಬಾಗಿಲ ಹತ್ತಿರ ಕೂತ ಹೆಂಗಸೊಬ್ಬಳು ಒಂದೊಂದೇ ಅಕ್ಷರ ಒತ್ತುತ್ತಿದ್ದಳು. ಅವಳ ಹೆಗಲ ಮೇಲಿಂದ ಬಗ್ಗಿ ಓದಿದೆ. ‘ಓಗ್ಲಿ ಬಿಡು ಕಂದ.’ ಒಂದು ಪದವನ್ನೂ ಬದಲಿಸಿರಲಿಲ್ಲ.

ಗೆಳತಿ ಒಳಗಿನಿಂದ ಬಂದಳು. ಗಾಬರಿಯಾದಾಗ ಅವಳ ಬಾಯಿಗೆ ತಮಿಳು ಬರುತ್ತಿತ್ತು. “ಎನ್ನಡಿ, ಇಲ್ಲಿಗಂಟ ಬಂದಿದೀಯ?”

“ಯಾವಾಗ ತಗೊಂಡ್ ಹೋದೆ?”

“ತಗೊಂಡ್ ಓಗೋದೇನು? ಆ ಮಾಡೆಲ್ಲು ಯಾರ್ ಬೇಕಾದ್ರೂ ಇಳಿಸ್ಕೋಬೋದು. ಆಕ್ಕೊಟ್ಟೋಳೂ ನಾನೇ.”

“ಮಾಡೆಲ್ ಇಳಿಸ್ಕೋ. ನಮ್ಮಮ್ಮನ್ ಮಾತು?”

ಅವಳು ಬಾಗಿಲು ಮರೆ ಮಾಡಿಕೊಂಡು ದನಿ ತಗ್ಗಿಸಿದಳು. “ನೀನು ಯಾವತ್ತೂ ಶುರು ಮಾಡ್ತಿರ್ಲಿಲ್ಲ ಕಣೇ. ಮಾಡಾನ ಮಾಡಾನ ಅಂತ ಕೂತಿದ್ದೆ. ಪಾರ್ಟ್ನರ್ ಸಿಕ್ದ್ರು, ಮಾಡ್ದೆ. ನಿಂಗೆ ಏಳಿದ್ರೆ ಬ್ಯಾಡ ಅಂತಿದ್ದೆ.”

ಅದರಲ್ಲಿ ನಿಜವಿತ್ತು. ಬೇಡ ಎನ್ನುತ್ತಿದ್ದೆನೋ ಏನೋ. ಆದರೆ ಕೇಳಬಹುದಿತ್ತಲ್ಲ! ನಾನು ಕೇಳಿದ್ದು ಬೇರೆ: “ಪಕ್ಕದಲ್ಲಿ ಯಾರು ಕೂತಿರ್ತಾರೆ?”

“ಇಷ್ಟ್ ಜನಕ್ಕೆ ಯಾರ್ ಕೂತ್ಕೊಂತಾರೆ?” ಎಂದು ನಕ್ಕಳು.

ಮೆಟ್ಟಿಲಿಳಿದು ಬಂದೆ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗ ಅಳು ಬಂತು. ಅಮ್ಮನನ್ನು ಯಾರೋ ಬಾಡಿಗೆಗೆ ಕೊಟ್ಟುಬಿಟ್ಟ ಹಾಗಾಗಿತ್ತು. ಅದೂ ಆಸ್ಪತ್ರೆಯಲ್ಲಿ ಅಮ್ಮನಿಗೆ ಕೊನೆಯ ಸಲ ಕಾಫಿ ಕುಡಿಸಿದವಳೇ.

ಮನೆಗೆ ಬಂದು ನನ್ನ ಸೂಚನೆಗಳಿಂದ ಅಮ್ಮನ ಆ ಸಾಲನ್ನು ಅಳಿಸಿದೆ. ಬೇರೆ ಏನೋ ಬರೆದೆ. ಮಾಡೆಲ್ ಅದನ್ನೂ ಒಪ್ಪಿಕೊಂಡಿತು, ಅದಕ್ಕೇನು. ಮುಂದಿನ ಭಾನುವಾರ ಒಬ್ಬಳು ಪರದೆ ನೋಡಿ, “ಯಾಕ್ ಮಿಸ್, ಇವತ್ತು ಕ್ವಾಪ ಮಾಡ್ಕೊಂಡೈತೆ?” ಎಂದಳು. ನಾನು ಬೋರ್ಡಿನ ಕಡೆ ತಿರುಗಿ ಚಾಕ್‌ಪೀಸ್ ಹುಡುಕುವ ಹಾಗೆ ನಿಂತೆ.

ಪರೀಕ್ಷೆ ಹತ್ತಿರ ಬಂದಾಗ ಗೆಳತಿಯೇ ಫೋನ್ ಮಾಡಿದಳು. ಹೊಸ ಮಾಡೆಲ್ ಹಾಕಿದ್ದಾಳಂತೆ, ಸೂಚನೆಗಳನ್ನು ಕೇಳುತ್ತಲೇ ಇಲ್ಲವಂತೆ. ಅನುಪಾತದ ಲೆಕ್ಕಗಳು ತಪ್ಪಾಗಿ, ಹೆಂಗಸರು ಅದನ್ನೇ ಉರು ಹೊಡೆದಿದ್ದಾರಂತೆ. “ಎಂಗ್ ಬರೀಬೇಕು, ಒಂದ್ಸಾರಿ ಏಳ್ಕೊಡೇ.” ಹಿಂದೆ ಹೆಂಗಸರ ಮಾತು ಕೇಳುತ್ತಿತ್ತು. ಹಸುವಿನವಳ ದನಿಯೂ ಇತ್ತು.

ಹೇಳಿಕೊಟ್ಟೆ. ಯಾವ ಉದಾಹರಣೆ ಮೊದಲು, ಯಾವುದು ಆಮೇಲೆ, ಉತ್ತರಕ್ಕೆ ಮುಂಚೆ ತಾಳೆ ನೋಡಲು ಹೇಗೆ ಹೇಳಬೇಕು, ಎಲ್ಲ. ಅವಳು ಹ್ಞೂಂ, ಹ್ಞೂಂ ಎನ್ನುತ್ತ ಬರೆದುಕೊಂಡಳು. ಮುಗಿದ ಮೇಲೂ ಇನ್ನೇನಾದರೂ ಅನ್ನುತ್ತಾಳೆಂದು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದೆ.

“ಸರಿ ಕಣೇ, ಬ್ಯಾಚ್ ಕಾಯ್ತಾ ಐತೆ” ಎಂದು ಫೋನ್ ಇಟ್ಟಳು.