ಒಲೆ ಹಚ್ಚದೆ ಉಳಿದ ಎಂಟು ತಟ್ಟೆಗಳು

ಡಾಕ್ಟರ್ ಸುಜೀವಾ ಉಡವತ್ತ ಲಂಕೆಯ ನಮ್ಮ ಆಸ್ಪತ್ರೆಗೆ ಬಂದದ್ದು ಒಂದು ಸೋಮವಾರ. ಬಂದವರು ಕುರ್ಚಿ ಹುಡುಕಲಿಲ್ಲ. ನೇರ ನಾನು ತಟ್ಟೆ ತೊಳೆಯುವ ತೊಟ್ಟಿಯ ಹತ್ತಿರ ಬಂದು, "ಮೆಣಿಕೆ ಅಕ್ಕಾ, ಮೊದಲು ಬಿಸಿನೀರೋ, ಸೋಪೋ?" ಅಂತ ಕೇಳಿದರು.

ರೋಗಿಯ ರಕ್ತವನ್ನೋ ಕೀವನ್ನೋ ಗಾಜಿನ ತಟ್ಟೆಯಲ್ಲಿ ಸವರಿ, ಬೆಚ್ಚಗಿಟ್ಟು, ಏನು ಬೆಳೆಯುತ್ತದೆ ಎಂದು ನೋಡುವುದು ನಮ್ಮ ಪರೀಕ್ಷೆಯ ಕೋಣೆಯ ಕೆಲಸ. ಎರಡು ದಿನ ನೋಡಿ ಬಿಟ್ಟ ತಟ್ಟೆಗಳನ್ನು ಕುದಿಸಿ ತೊಳೆಯುವುದು ನನ್ನದು. ನಮ್ಮಲ್ಲಿ ಸಾಹೇಬರಿಗೆ ಮಹತ್ತಯ, ಅಮ್ಮಾವ್ರಿಗೆ ನೋನಾ ಅನ್ನುತ್ತೇವೆ. ತಟ್ಟೆ ನೋಡುವ ಗುಣಪಾಲ ಮಹತ್ತಯ ನಕ್ಕು, "ನೋನಾ ತಟ್ಟೆ ನೋಡೋಕೆ ಬಂದ್ರೋ, ತೊಳೆಯೋಕೆ ಬಂದ್ರೋ?" ಅಂದರು.

"ತೊಳೆದದ್ದು ಗೊತ್ತಿಲ್ದೆ ನೋಡಿದ್ದು ಹೇಗೆ ನಂಬೋದು ಗುಣಪಾಲ?"

ಡಾಕ್ಟರ ಅಪ್ಪ ಕೆಗಲ್ಲೆಯ ಕಡೆ ಬೈನೆ ಮರ ಹತ್ತಿ ರಸ ಇಳಿಸುತ್ತಿದ್ದರು. ಬೆಲ್ಲದ ರಸ ಹುಳಿಯದಿರಲಿ ಎಂದು ಮಡಕೆಗೆ ಧೂಪದ ಮರದ ತೊಗಟೆ ಹಾಕುತ್ತಾರಲ್ಲ, ಅದು ಯಾಕೆ ಎಂದು ಮಗಳು ಕೇಳಿದಳಂತೆ. ಅಪ್ಪನಿಗೂ ಗೊತ್ತಿಲ್ಲ. ಎಂಟು ವರ್ಷದ ಹುಡುಗಿ ಒಂದೇ ಮರದ ರಸವನ್ನು ಎರಡು ಮಡಕೆಗೆ ಸುರಿದು, ಒಂದಕ್ಕೆ ತೊಗಟೆ ಹಾಕಿ, ಒಂದಕ್ಕೆ ಹಾಕದೆ, ಅಡಿಗೆಮನೆಯ ಹಿಂದೆ ಕೂತಳು. ಮಧ್ಯಾಹ್ನದ ಹೊತ್ತಿಗೆ ತೊಗಟೆ ಇಲ್ಲದ್ದು ನೊರೆ ಉಕ್ಕಿಸಿತು. ಅಪ್ಪ ಬೈಯಲಿಲ್ಲ. ನೊರೆ ಬಂದದ್ದನ್ನು ತಾವೇ ಕುಡಿದು ಮುಗಿಸಿದರು.

ಪೇರಾದೆಣಿಯದಲ್ಲಿ ಡಾಕ್ಟರಿಕೆ ಓದಿ ಆರು ವರ್ಷ ವಾರ್ಡಿನ ಡಾಕ್ಟರಾಗಿದ್ದವರು ಮತ್ತೆ ಪುಸ್ತಕ ಹಿಡಿದು ಈ ಕಾಣದ ಜೀವಿಗಳ ವಿದ್ಯೆ ಕಲಿತದ್ದು ಯಾಕೆ ಎಂದು ನಾನೊಮ್ಮೆ ಕೇಳಿದೆ. "ಯಾವ ಜ್ವರ ಅಂತ ಗೊತ್ತಿಲ್ದೆ ಸತ್ತವರ ಚೀಟಿ ಬರೆದೂ ಬರೆದೂ ಸಾಕಾಯ್ತು ಅಕ್ಕಾ," ಅಂದರು.

ಅವರು ಬಂದು ಎರಡನೆಯ ವರ್ಷದ ಮಾರ್ಚಿನಲ್ಲಿ ಉಕ್ಕುಬಂಡ ಒಂಬತ್ತನೇ ವಾರ್ಡಿಗೆ ಸೇರಿದ. ಕೆರೆ ಕೆಳಗಿನ ಗದ್ದೆಗಳಲ್ಲಿ ಎಮ್ಮೆ ಕಟ್ಟಿ ಕೆಸರು ತುಳಿಸುವವನು, ಸಕ್ಕರೆ ಕಾಯಿಲೆ ಬೇರೆ. ಜ್ವರ ಬಂದು ತಿಂಗಳಾಗಿತ್ತು, ತೊಡೆಯಲ್ಲಿ ಕೀವು. ಯಾವ ಮದ್ದೂ ನಾಟಲಿಲ್ಲ. ಏಪ್ರಿಲ್ ಹೊತ್ತಿಗೆ ಅವನ ಹೆಂಡತಿ ಅವನನ್ನು ಒಂದೇ ಕೈಯಲ್ಲಿ ಎತ್ತಿ ಕೂರಿಸುತ್ತಿದ್ದಳು.

ಅವನ ಕೀವನ್ನು ಎರಡು ಸಲ ಸವರಿದರು. ಎರಡೂ ಸಲ ಸಣ್ಣ ಸಣ್ಣ ಚುಕ್ಕೆ ಬಂತು. ಗುಣಪಾಲ ಅದನ್ನು ಕೊಳೆ ಅಂದರು. "ತಟ್ಟೆ ಸರಿಯಾಗಿ ತೊಳೆದಿಲ್ಲ ನೋನಾ. ಮೆಣಿಕೆಗೆ ವಯಸ್ಸಾಯ್ತು, ಕಣ್ಣು ಮಂದ."

ನಾನು ತೊಟ್ಟಿಯ ನೀರು ಬದಲಿಸಿದೆ. ಡಾಕ್ಟರು ಹೇಳಿದರು: "ಎರಡು ಸಲವೂ ಒಬ್ಬನ ತಟ್ಟೆಗೇ ಕೊಳೆ ಹೇಗೆ ಬರುತ್ತೆ ಗುಣಪಾಲ? ಮೂರನೇ ಸಲ ಮಾಡಿ."

ಹನ್ನೊಂದನೇ ತಾರೀಕು ಮಾಡಿದರು. ಹದಿಮೂರಕ್ಕೆ ಮತ್ತೆ ಅದೇ ಚುಕ್ಕೆ, ಗುಣಪಾಲ ಮತ್ತೆ ಕೊಳೆ ಎಂದು ಬರೆದು, ಬೇರೆಯವರ ತಟ್ಟೆಗಳ ಜೊತೆ ಕುದಿಸಲು ನನಗೆ ಕೊಟ್ಟರು. ಆ ದಿನ ನಮ್ಮ ಹೊಸ ವರ್ಷ. ಹಳೆಯದು ಮುಗಿದು ಹೊಸದು ಹುಟ್ಟುವ ನಡುವಿನ ನೊನಗತೆ ಮಧ್ಯಾಹ್ನ ಒಂದು ಗಂಟೆ ನಲವತ್ತೆರಡು ನಿಮಿಷಕ್ಕೆ ಶುರು. ಅಷ್ಟು ಹೊತ್ತು ಒಲೆ ಹಚ್ಚುವಂತಿಲ್ಲ, ಕೆಲಸ ಮುಟ್ಟುವಂತಿಲ್ಲ. ತಟ್ಟೆ ನನ್ನ ಕೈಗೆ ಬಂದಾಗ ಒಂದು ಗಂಟೆ ಹತ್ತು ನಿಮಿಷ. ಕುದಿಸಲು ಪೂರಾ ಒಂದು ಗಂಟೆ ಬೇಕು. ಹಚ್ಚಿದ ಒಲೆಯನ್ನು ನಡುವೆ ಆರಿಸುವುದು ಇನ್ನೂ ಕೆಟ್ಟದ್ದು. ಎಂಟು ತಟ್ಟೆಗಳನ್ನು ಮುಚ್ಚಳ ಸಮೇತ ಒಲೆಯ ಪಕ್ಕದ ಕಲ್ಲಿನ ಮೇಲೆ ಜೋಡಿಸಿ ಮನೆಗೆ ಹೋದೆ. ಯಾರಿಗೂ ಹೇಳಲಿಲ್ಲ, ಅದು ತಪ್ಪು.

ಪಂಚಾಂಗದಲ್ಲಿ ಕೆಲಸಕ್ಕೆ ಹೊರಡುವ ಮುಹೂರ್ತ ಹದಿನೆಂಟರ ಬೆಳಿಗ್ಗೆ. ಆ ದಿನ ಬಂದು ನೋಡಿದರೆ ಮೂರು ತಟ್ಟೆಯಲ್ಲಿ ಚುಕ್ಕೆಗಳು ಹಿಗ್ಗಿ, ಒಣಗಿ, ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿದ್ದವು. ಗುಣಪಾಲ ನೋಡಿ, "ಇದು ಬೂಷ್ಟು. ನೋನಾ ಬರೋ ಮುಂಚೆ ಕುದಿಸಿಬಿಡು, ನಿನ್ನ ಮಾನ ಉಳಿಯುತ್ತೆ," ಅಂದರು. ಅವರು ಕೆಟ್ಟವರಲ್ಲ, ನನ್ನ ಮೇಲಿನ ಕನಿಕರಕ್ಕೇ ಹೇಳಿದ್ದು.

ಒಲೆಗೆ ಸೀಮೆಎಣ್ಣೆ ಸುರಿದೆ, ಬೆಂಕಿಪೆಟ್ಟಿಗೆ ಕೈಯಲ್ಲಿತ್ತು. ಓದು ಅಷ್ಟಾಗಿ ಬರದಿದ್ದರೂ ಅಂಕಿ ನನಗೆ ಬರುತ್ತದೆ. ಸುಕ್ಕು ಬಂದ ಮೂರರ ಮುಚ್ಚಳದ ಮೇಲೂ ಇನ್ನೂರ ಹದಿನಾಲ್ಕು, ಅಂದರೆ ಉಕ್ಕುಬಂಡನ ನಂಬರು. ಬೇರೆಯವರ ಐದರಲ್ಲಿ ಸುಕ್ಕು ಇರಲಿಲ್ಲ. ಬೆಂಕಿಪೆಟ್ಟಿಗೆ ಕೆಳಗಿಟ್ಟು ಡಾಕ್ಟರನ್ನು ಕರೆದೆ.

"ಕುದಿಸ್ಲಿಲ್ಲ ನೋನಾ. ನೊನಗತೆ ಹತ್ತಿರ ಬಂದಿತ್ತು."

ಅವರು ಬಯ್ಯುತ್ತಾರೆಂದು ಕಾದೆ. ಅವರು ಬಗ್ಗಿದರು. ನಾನೂ ಬಗ್ಗಿದರೆ ಭುಜ ಹಿಡಿದು ಎಳೆದರು. "ಮೂಗು ದೂರ ಇಡು ಅಕ್ಕಾ. ಎಲ್ಲಿಟ್ಟಿದ್ದೆ?"

"ಈ ಕಲ್ಲಿನ ಮೇಲೆ."

"ಎಂಟೂ ಒಂದೇ ಕಡೆ?"

"ಒಂದೇ ಕಡೆ."

"ಎಂಟೂ ಒಂದೇ ನೀರಲ್ಲಿ ತೊಳೆದದ್ದಾ?"

"ಒಂದೇ ತೊಟ್ಟಿ, ಒಂದೇ ಸೋಪು, ಒಂಬತ್ತನೇ ತಾರೀಕು ಬೆಳಿಗ್ಗೆ."

"ಹಾಗಾದ್ರೆ ಇದು ತೊಟ್ಟಿಯ ಕೊಳೆ ಅಲ್ಲ," ಅಂದರು. "ಇದು ಅವನೊಳಗಿಂದ ಬಂದದ್ದು. ನಾವು ಎರಡೇ ದಿನಕ್ಕೆ ನೋಡೋದು ಬಿಟ್ಟಿದ್ವಿ." ಗುಣಪಾಲ ಮುಚ್ಚಳದ ಅಂಕಿಗಳನ್ನು ಒಂದೊಂದಾಗಿ ತಾವೇ ಓದಿ ನೋಡಿದರು.

ಗದ್ದೆ ಮಣ್ಣಲ್ಲಿರುವ ಜೀವಿ ಅದು. ಕಾಲಿನ ಸೀಳಿನಿಂದ ಒಳಗೆ ಹೋಗುತ್ತದೆ, ಸಕ್ಕರೆ ಕಾಯಿಲೆಯವರಿಗೆ ಬೇಗ ಹಿಡಿಯುತ್ತದೆ. ಅದಕ್ಕೆ ಬೇರೆಯೇ ಮದ್ದು. ಕೊಳಂಬೋದಿಂದ ಅದು ಬಂದು ಒಂಬತ್ತನೆಯ ದಿನಕ್ಕೆ ಜ್ವರ ಇಳಿಯಿತು. ಉಕ್ಕುಬಂಡ ಮೊದಲು ವಿಚಾರಿಸಿದ್ದು ಎಮ್ಮೆಗಳನ್ನು, ಆಮೇಲೆ ಹೆಂಡತಿಯನ್ನು. ಆ ಲೆಕ್ಕವನ್ನು ಅವಳು ಇವತ್ತಿಗೂ ಮರೆತಿಲ್ಲ.

ಒಬ್ಬನಲ್ಲಿ ಸಿಕ್ಕಿತು ಎಂದು ಡಾಕ್ಟರಿಗೆ ಸಮಾಧಾನವಾಗಲಿಲ್ಲ. ಹನ್ನೊಂದು ವರ್ಷ ಗದ್ದೆ ಗದ್ದೆ ತಿರುಗಿ ಮಣ್ಣು ತಂದರು. ನಮ್ಮ ಕೋಣೆಯಲ್ಲಿ ಒಂದು ಕಪಾಟು ಮಾಡಿಸಿದರು; ಅದರಲ್ಲಿಟ್ಟ ತಟ್ಟೆಗೆ ಏಳನೇ ದಿನದವರೆಗೆ ಯಾರೂ ಒಲೆ ಹಚ್ಚುವಂತಿಲ್ಲ. ಉಕ್ಕುಬಂಡನಿಗೆ ಒಂದೇ ಮಾತು: "ಬೂಟು ಹಾಕದೆ ಕೆಸರಿಗೆ ಇಳಿಬೇಡ." ಅವನು, "ಬೂಟು ಹಾಕಿದ್ರೆ ಎಮ್ಮೆಗಳು ನನ್ನನ್ನ ಸರ್ಕಾರದವನು ಅಂದ್ಕೊಂಡು ಓಡ್ತವೆ ನೋನಾ," ಅನ್ನುತ್ತಿದ್ದ.

ಆ ಕೆಲಸಕ್ಕೆ ಕೊಳಂಬೋದಲ್ಲಿ ಚಿನ್ನದ ಪದಕ ಕೊಟ್ಟರು. ನಮ್ಮನ್ನೂ ವ್ಯಾನಿನಲ್ಲಿ ಕರೆದುಕೊಂಡು ಹೋಗಿದ್ದರು. ಡಾಕ್ಟರು ಪದಕ ಕುತ್ತಿಗೆಗೆ ಹಾಕಿಸಿಕೊಂಡು ವೇದಿಕೆ ಇಳಿದು ಬಂದರೆ, ಎದುರಿಗೆ ಉಕ್ಕುಬಂಡ, ಬಿಳಿ ಸರೋಂಗಿನ ಕೆಳಗೆ ಕರೀ ರಬ್ಬರ್ ಬೂಟು.

"ಇದರಲ್ಲಿ ಮಣ್ಣೇ ಇಲ್ಲವಲ್ಲ ಬಂಡಾ? ಗದ್ದೆಗೆ ಹಾಕ್ತೀಯೋ ಇಲ್ವೋ?"

"ಕೊಳಂಬೋಗೆ ಅಂತ ತೊಳೆದೆ ನೋನಾ."

"ಒಂದು ಕಾಲು ಎತ್ತು."

ಅವನು ನನ್ನ ಭುಜ ಹಿಡಿದು ಕಾಲೆತ್ತಿದ. ಅವರು ಅಲ್ಲೇ ಬಗ್ಗಿ, ಜೋತಾಡುವ ಪದಕವನ್ನು ಎಡಗೈಯಲ್ಲಿ ಹಿಡಿದುಕೊಂಡು, ಬೂಟಿನ ಅಡಿಯ ಗೀರುಗಳನ್ನು ನೋಡಿದರು. ಹಿಮ್ಮಡಿಯ ಹತ್ತಿರ, ತೊಳೆದರೂ ಹೋಗದ ಗದ್ದೆ ಮಣ್ಣು ಒಣಗಿ ಕೂತಿತ್ತು.

"ಸರಿ, ಇಳಿಸು," ಅಂದರು.