ಮಾವನ ನಾಳೆ ಬೆನ್ನ ಹಿಂದೆ

“ನಾಳೆ ಎಂತ ವಾರ, ಅಜ್ಜ?” ಕಂಕನಾಡಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಮಾವನನ್ನು ಕೇಳಿದರು. “ಶುಕ್ರವಾರ” ಎಂದು ಮಾವ ಸರಿಯಾಗಿಯೇ ಹೇಳಿದರು, ಆದರೆ ಹೆಬ್ಬೆರಳು ಬೆನ್ನ ಹಿಂದಕ್ಕೆ ತೋರಿಸುತ್ತಿತ್ತು. ನಿನ್ನೆ ಊಟಕ್ಕೆ ಎಂತ ಎಂದು ಕೇಳಿದರೆ ಕೈ ಮುಂದಕ್ಕೆ ಚಾಚಿ, “ಬಂಗುಡೆ ಮೀನಿನ ಸಾರು. ಉಪ್ಪು ಕಡಿಮೆ” ಎಂದರು. ಅಡುಗೆ ಮಾಡಿದ ಸೊಸೆ ನಾನೇ; ಉಪ್ಪಿನ ಮಾತಿಗೆ ನಾಚಿಕೆಯಾಯಿತು, ಕೈಯ ದಿಕ್ಕು ನೋಡಿ ಭಯವಾಯಿತು. ಹಿಂದಿನ ವಾರ ಅವರು ಮನೆಯ ದಾರಿ ತಪ್ಪಿದ್ದರು. ಮರೆವಿನ ಕಾಯಿಲೆಯೋ ಎಂದು ತೋರಿಸಲು ಬಂದಿದ್ದೆವು.

“ಮಾವ, ನಾಳೆ ಅಂದ್ರೆ ಮುಂದೆ ಅಲ್ವಾ?” ಎಂದು ಮೆಲ್ಲಗೆ ತಿದ್ದಿದೆ.

“ನೀನು ಬಸ್ಸಿನಲ್ಲಿ ಹೋಗುವವಳು ಮಾರಾಯ್ತಿ,” ಮಾವ ನಕ್ಕರು. “ನಾನು ನಲವತ್ತು ವರ್ಷ ದೋಣಿಗೆ ಹುಟ್ಟು ಹಾಕಿದವ. ಹೋಗುವ ದಡಕ್ಕೆ ಬೆನ್ನು ಹಾಕಿಯೇ ಕೂರಬೇಕು. ಕಣ್ಣಿಗೆ ಕಾಣುವುದು ಬಿಟ್ಟು ಬಂದ ದಡ ಮಾತ್ರ.”

“ಹಾಗಾದ್ರೆ ನೇರ ಹೋಗುವುದು ಹೇಗೆ, ಅಜ್ಜ?” ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ಬಿಟ್ಟ ದಡದ ಒಂದು ತೆಂಗಿನ ಮರದ ಮೇಲೆ ಕಣ್ಣು ಇಡುವುದು. ಅದು ಆಚೀಚೆ ಸರಿಯದಿದ್ರೆ ದೋಣಿ ನೇರ ಉಂಟು.”

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ, “ಅಜ್ಜನ ತಲೆ ಗಟ್ಟಿ ಉಂಟು. ದಾರಿ ತಪ್ಪಿದ್ದು ಕಣ್ಣು ಮಂಜಾಗಿ. ಪೊರೆ ಬಂದಿದೆ, ಅಷ್ಟೇ” ಎಂದರು.

ಈಗ ಸಂಜೆ ದೇವರಿಗೆ ದೀಪ ಹಚ್ಚುವಾಗ, ನಾಳೆಯದನ್ನು ಬೇಡುವ ಮೊದಲು ದಾಟಿ ಬಂದದ್ದನ್ನು ಒಂದೊಂದಾಗಿ ನೆನೆಯುತ್ತೇನೆ. “ಪೊರೆ, ಅಷ್ಟೇ” ಎಂಬ ಆ ಮಾತೇ ಸದ್ಯಕ್ಕೆ ನನ್ನ ತೆಂಗಿನ ಮರ.